ಒಂದು ಇಂಗಾಲದಷ್ಟು ದೂರ

18 ಜೂನ್ 2025, ಬುಧವಾರ, ಬೆಂಗಳೂರು

ಕೋಶಗಳಿಗೆ ಎಂಆರ್‌ಎನ್‌ಎಯನ್ನು (ಪ್ರೋಟೀನು ತಯಾರಿಸುವ ಸೂಚನೆ ಹೊತ್ತ ಅಣು) ಒಯ್ಯಲೆಂದು ಈ ದಿನ ಕಟ್ಟಿದ ಲಿಪಿಡ್ ನ್ಯಾನೋಕಣಗಳ, ಅಂದರೆ ಕೊಬ್ಬಿನಂಥ ಅಣುಗಳ ಅತಿಸಣ್ಣ ಉಂಡೆಗಳ, ಗಾತ್ರ ಸುಮಾರು 85 ನ್ಯಾನೋಮೀಟರ್ ಬಂದಿದೆ, ಎಂಆರ್‌ಎನ್‌ಎಯ ಶೇ. 90ಕ್ಕೂ ಹೆಚ್ಚು ಪಾಲು ಕಣಗಳೊಳಗೆ ಸೇರಿಕೊಂಡಿದೆ ಎಂದು ರೈಬೋಗ್ರೀನ್ ಪರೀಕ್ಷೆ ಹೇಳುತ್ತಿದೆ. ಹೀಗಿದ್ದೂ ಆ ಎಂಆರ್‌ಎನ್‌ಎಯಿಂದ ಕೋಶಗಳಲ್ಲಿ ತಯಾರಾಗಬೇಕಾದ, ಬೆಳಕು ಹೊಮ್ಮಿಸುವ ಲೂಸಿಫರೇಸ್ ಪ್ರೋಟೀನಿನ ಬೆಳಕು ತೀರಾ ಮಂಕು.

ಸೂತ್ರದಲ್ಲಿ ಹೊಸದೇನೂ ಇರಲಿಲ್ಲ. 2018ರಲ್ಲಿ ಅನುಮತಿ ಪಡೆದ, ಇಂಥದ್ದೇ ಕಣಗಳಲ್ಲಿ ಆರ್‌ಎನ್‌ಎ ಒಯ್ಯುವ ಪ್ಯಾಟಿಸಿರಾನ್ ಔಷಧದ ಅನುಪಾತವನ್ನೇ ಇಟ್ಟುಕೊಂಡಿದ್ದೆ: ಅಯಾನೀಕರಣಗೊಳ್ಳುವ (ಆಮ್ಲದಲ್ಲಿ ಧನಾವೇಶ ತಾಳುವ) ಲಿಪಿಡ್ 50, ಡಿಎಸ್‌ಪಿಸಿ (ಕಣಕ್ಕೆ ಗಟ್ಟಿತನ ಕೊಡುವ ಲಿಪಿಡ್) 10, ಕೊಲೆಸ್ಟರಾಲ್ 38.5, ಪೆಗ್-ಲಿಪಿಡ್ (ಕಣಕ್ಕೆ ಪೆಗ್ ಎಂಬ ಪಾಲಿಮರಿನ ಹೊದಿಕೆ ಕೊಡುವ ಲಿಪಿಡ್) 1.5. ಬದಲಾಗಿದ್ದು ಮೊದಲನೆಯದು ಮಾತ್ರ, ಅದು ನಮ್ಮ ಪ್ರಯೋಗಾಲಯದಲ್ಲೇ ತಯಾರಾದದ್ದು. ಎಥನಾಲ್‌ನಲ್ಲಿ ಕರಗಿಸಿದ ಈ ನಾಲ್ಕನ್ನು, ಪಿಎಚ್ 4ರ ಸಿಟ್ರೇಟ್ ದ್ರಾವಣದಲ್ಲಿರುವ ಆರ್‌ಎನ್‌ಎಯೊಂದಿಗೆ ಸೂಕ್ಷ್ಮನಾಳದಲ್ಲಿ ರಭಸವಾಗಿ ಬೆರೆಸಿದಾಗ, ಹೊರಬರುವ ದ್ರವ ನೀಲಿ ಛಾಯೆಯಿಂದ ತುಸು ಮಬ್ಬಾಗಿರುತ್ತದೆ. ಆ ಬಣ್ಣ ಕಂಡರೆ ಕಣಗಳು ಕಟ್ಟಿಕೊಂಡಿವೆ ಎಂದೇ ಲೆಕ್ಕ. ಅಷ್ಟರಮಟ್ಟಿಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ತೊಡಕಿರುವುದು ಎಂಡೋಸೋಮಿನಲ್ಲಿ. ಕೋಶ ಕಣವನ್ನು ನುಂಗಿದ ಮೇಲೆ ಅದು ಈ ಚೀಲದೊಳಗೆ ಸಿಕ್ಕಿಕೊಳ್ಳುತ್ತದೆ. ಚೀಲ ಆಮ್ಲೀಯವಾಗುತ್ತಾ ಹೋದಂತೆ ಲಿಪಿಡ್‌ನ ಅಮೈನು (ಸಾರಜನಕವಿರುವ ಗುಂಪು) ಪ್ರೋಟಾನ್ ಪಡೆದು ಧನಾವೇಶ ತಾಳಬೇಕು, ಚೀಲದ ಪೊರೆಯ ಋಣಾವೇಶದ ಲಿಪಿಡ್‌ಗಳ ಜೊತೆ ಜೋಡಿಯಾಗಬೇಕು, ಆ ಜೋಡಿಯ ಶಂಕುವಿನಂಥ ಆಕಾರದಿಂದಾಗಿ ಪೊರೆಯ ಸಾಲು ಕದಡಿ ಆರ್‌ಎನ್‌ಎ ಸೈಟೋಪ್ಲಾಸಮ್‌ಗೆ ಜಾರಬೇಕು. ಒಳ್ಳೆಯ ಕಣಗಳಲ್ಲೂ ಹೀಗೆ ಪಾರಾಗುವ ಎಸ್‌ಐಆರ್‌ಎನ್‌ಎ (ಜೀನ್‌ಗಳನ್ನು ಸುಮ್ಮನಾಗಿಸುವ ಪುಟ್ಟ ಆರ್‌ಎನ್‌ಎ) ಶೇ. 1ರಿಂದ 2ರಷ್ಟೇ ಎಂದು 2013ರ ಅಧ್ಯಯನವೊಂದು ಅಂದಾಜಿಸಿತ್ತು. 1987ರ ಡಾಟ್ಮಾದಂತೆ ಸದಾ ಧನಾವೇಶ ಹೊತ್ತ ಲಿಪಿಡ್ ಬಳಸೋಣವೆಂದರೆ, ಅದು ರಕ್ತದ ಪ್ರೋಟೀನುಗಳಿಗೆಲ್ಲ ಅಂಟಿಕೊಳ್ಳುತ್ತದೆ, ಕೋಶಗಳಿಗೆ ವಿಷವೂ ಆಗುತ್ತದೆ. ರಕ್ತದಲ್ಲಿ ತಟಸ್ಥವಾಗಿದ್ದು ಎಂಡೋಸೋಮಿನಲ್ಲಷ್ಟೇ ಎಚ್ಚೆತ್ತುಕೊಳ್ಳಬೇಕೆಂದರೆ ಕಣದ ಪಿಕೆಎ (ಅಮೈನುಗಳಲ್ಲಿ ಅರ್ಧದಷ್ಟು ಪ್ರೋಟಾನ್ ಪಡೆದಿರುವ ಪಿಎಚ್) 6ರಿಂದ 7ರ ನಡುವಿನ ಕಿರಿದಾದ ಹರವಿನಲ್ಲಿರಬೇಕು. ಪ್ಯಾಟಿಸಿರಾನ್‌ನ ಎಂಸಿ3 ಲಿಪಿಡ್‌ನದು 6.44. ಸಂಜೆ, ಧನಾವೇಶದ ಕಣಕ್ಕೆ ಅಂಟಿ ಹೊಳೆಯುವ ಟಿಎನ್ಎಸ್ ಬಣ್ಣದಿಂದ ಅಳೆದಾಗ ನಮ್ಮದು 5.6ರ ಆಸುಪಾಸಿಗೆ ಬಂತು, ಅಂದರೆ ಎಂಡೋಸೋಮಿನಲ್ಲೂ ಅದು ಸಾಕಷ್ಟು ಧನಾವೇಶ ತಾಳದು; ಮಂಕು ಬೆಳಕಿಗೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ ಎನಿಸುತ್ತದೆ.

ಯಕೃತ್ತಿಗೆ ತಲುಪಿಸುವುದರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಪೆಗ್ ಕಳಚಿದ ಮೇಲೆ ರಕ್ತದ ಅಪೊ-ಇ ಪ್ರೋಟೀನು ಕಣಕ್ಕೆ ಅಂಟಿಕೊಂಡು ತಾನಾಗಿಯೇ ಅಲ್ಲಿಗೆ ಕರೆದೊಯ್ಯುತ್ತದೆ; ಕಳೆದ ತಿಂಗಳು ವರದಿಯಾದ, ಅಪರೂಪದ ಆನುವಂಶಿಕ ರೋಗವಿದ್ದ ಫಿಲಡೆಲ್ಫಿಯಾದ ಶಿಶುವಿಗೆಂದೇ ರೂಪಿಸಿ ಇಂಥ ಕಣಗಳಲ್ಲೇ ಕೊಟ್ಟ ಜೀನ್ ತಿದ್ದುಪಡಿ ಚಿಕಿತ್ಸೆ ಸಾಧ್ಯವಾದುದರಲ್ಲಿ ಆ ರೋಗದ ನೆಲೆ ಯಕೃತ್ತೇ ಆಗಿದ್ದುದರ ಪಾಲು ದೊಡ್ಡದು.

ನಮ್ಮ ಅಣುವಿನಲ್ಲಿ ಎಸ್ಟರ್ ಗುಂಪು ಅಮೈನಿಗೆ ತೀರಾ ಸಮೀಪವಿದ್ದು, ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆದು ಪಿಕೆಎ ತಗ್ಗಿಸುತ್ತಿದೆ. ನಡುವೆ ಇನ್ನೊಂದು ಇಂಗಾಲ ಸೇರಿಸಿದ ರೂಪವನ್ನು ನಾಳೆ ತಯಾರಿಸಲು ತೊಡಗುತ್ತೇನೆ. ಈ ಬಾರಿ ಕೋಶಗಳಿಗೆ ಹಾಕುವ ಮೊದಲೇ ಟಿಎನ್ಎಸ್ ಅಳತೆ.