ಕೋಲಾರದ ದೇಗುಲಗಳನ್ನು ಪನೋರಮಾದಲ್ಲಿ ಹಿಡಿಯಲು ಹೊರಟವರಿಗೆ

ಕೋಲಾರದ ಸೋಮೇಶ್ವರ ದೇವಾಲಯಕ್ಕೆ ನಾನು ಎರಡು ಬಾರಿ ಹೋಗಬೇಕಾಯಿತು. ಮೊದಲ ಸಲ ಕಲ್ಯಾಣ ಮಂಟಪದ ಎದುರು ನಿಂತು, ನಿಂತಲ್ಲೇ ಮೈ ತಿರುಗಿಸುತ್ತಾ ತೆಗೆದ ಏಳು ಚಿತ್ರಗಳನ್ನು ಮನೆಗೆ ಬಂದು ಜೋಡಿಸಿದಾಗ, ಮುಂದಿನ ಸಾಲಿನ ಕಂಬ ಸರಿಯಾಗಿ ಕೂಡಿದರೆ ಅದರ ಹಿಂದಿನ ಕಂಬ ಎರಡಾಗಿ ಕಾಣುತ್ತಿತ್ತು. ಹಿಂದಿನದನ್ನು ಕೂಡಿಸಿದರೆ ಮುಂದಿನದರ ಕೆತ್ತನೆ ನಡುವೆಯೇ ತುಂಡಾಗುತ್ತಿತ್ತು. ವಿಜಯನಗರ ಕಾಲದ ಶಿಲ್ಪಿಗಳು ಅಷ್ಟು ನವಿರಾಗಿ ಕಡೆದ ಕಂಬಗಳನ್ನು ಆ ಸ್ಥಿತಿಯಲ್ಲಿ ಯಾರಿಗೂ ತೋರಿಸಲು ಮನಸ್ಸಾಗಲಿಲ್ಲ.

ತಪ್ಪು ಜೋಡಿಸುವ ತಂತ್ರಾಂಶದ್ದಲ್ಲ. ನಾವು ಮೈ ತಿರುಗಿಸಿದಾಗ ಚಾಚಿದ ಕೈಯಲ್ಲಿರುವ ಕ್ಯಾಮೆರಾ ಒಂದು ಅಡಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಹತ್ತಿರದ ಕಂಬ ಮತ್ತು ದೂರದ ಕಂಬಗಳ ನಡುವಿನ ಅಂತರ ಪ್ರತಿ ಚಿತ್ರದಲ್ಲೂ ಬೇರೆಯಾಗುತ್ತದೆ. ಇದೇ ಪ್ಯಾರಲಾಕ್ಸ್. ತಿರುಗುವ ಅಕ್ಷ ನಮ್ಮ ಕಾಲಲ್ಲಿರದೆ ಲೆನ್ಸಿನಲ್ಲಿಯೇ ಇರಬೇಕು. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮುಂಚಿತವಾಗಿ ಅನುಮತಿ ಪಡೆಯಬೇಕಾದ್ದರಿಂದ, ಎರಡನೆಯ ಸಲ ನಾನು ಗಾರೆ ಕೆಲಸದವರ ತೂಕದ ಗುಂಡಿನ ಉಪಾಯವನ್ನು ಅನುಸರಿಸಿದೆ. ಲೆನ್ಸಿನ ಮುಂತುದಿಗೆ ಒಂದು ದಾರ ಕಟ್ಟಿ, ಕೆಳಗೆ ಸಣ್ಣ ಗುಂಡನ್ನು ಇಳಿಬಿಟ್ಟು, ಅದು ನೆಲದ ಮೇಲಿನ ಒಂದೇ ಗುರುತಿನ ಮೇಲೆ ನಿಲ್ಲುವಂತೆ ನೋಡಿಕೊಳ್ಳುತ್ತಾ, ಕ್ಯಾಮೆರಾದ ಸುತ್ತ ನಾನೇ ಹೆಜ್ಜೆ ಸರಿಸಿದೆ. ಈ ಸಲ ಹಿಂದಿನ ಕಂಬಗಳೂ ಸೇರಿ ಎಲ್ಲವೂ ಕೂಡಿಕೊಂಡವು.

ಬೆಂಗಳೂರಿನಿಂದ ಕೋಲಾರಕ್ಕೆ ಸುಮಾರು 70 ಕಿಲೋಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ಬೆಳಗಿನ ಮೊದಲ ಬಸ್ಸುಗಳಲ್ಲೇ ಹೊರಡಿ, ಏಕೆಂದರೆ ಜನ ಓಡಾಡುವ ಹೊತ್ತಿಗೆ ತೆಗೆದ ಚಿತ್ರಗಳಲ್ಲಿ ಒಬ್ಬರೇ ಎರಡು ಕಡೆ ಕಾಣಿಸಿಕೊಳ್ಳುತ್ತಾರೆ. ಚಿತ್ರದ ಎತ್ತರ ಅಗಲಕ್ಕಿಂತ ಹೆಚ್ಚಿರುವಂತೆ ಕ್ಯಾಮೆರಾವನ್ನು ನಿಲುವಾಗಿ ಹಿಡಿಯಿರಿ. ಫುಲ್‌ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಗಾತ್ರದ ಸೆನ್ಸರ್ ಇರುವ ಸಾಮಾನ್ಯ ಡಿಎಸ್ಎಲ್ಆರ್‌ನಲ್ಲಿ 35 ಮಿಲಿಮೀಟರ್ ಲೆನ್ಸನ್ನು ಹಾಗೆ ಹಿಡಿದರೆ ಅಗಲದಲ್ಲಿ ಸುಮಾರು 25 ಡಿಗ್ರಿ ಸಿಗುತ್ತದೆ. ಮೂರರಲ್ಲೊಂದು ಭಾಗ ಪಕ್ಕದ ಚಿತ್ರದ ಮೇಲೆ ಬರುವಂತೆ ಪ್ರತಿ ಬಾರಿ 17 ಡಿಗ್ರಿಯಷ್ಟು ತಿರುಗಿಸಿದರೆ ಐದು ಚಿತ್ರಗಳಲ್ಲಿ 90 ಡಿಗ್ರಿ ತುಂಬುತ್ತದೆ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಮೊದಲೇ ಸ್ಥಿರಗೊಳಿಸಿ. ಇಲ್ಲವಾದರೆ ಮಂಟಪದ ನೆರಳಿನಿಂದ ಅಂಗಳದ ಬಿಸಿಲಿಗೆ ಬರುವಷ್ಟರಲ್ಲಿ ಆಕಾಶ ಪಟ್ಟೆಪಟ್ಟೆಯಾಗುತ್ತದೆ.

ಗೋಪುರದ ಸಮಸ್ಯೆ ಬೇರೆ. ಬೀದಿಯಲ್ಲಿ ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ, ಕೆಳಗಿನ ಕಲ್ಲಿನ ಭಾಗ ಅಗಲವಾಗಿ, ಮೇಲಿನ ಇಟ್ಟಿಗೆ ಗಾರೆಯ ಅಂತಸ್ತುಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಮಟ್ಟವಾಗಿ ಒಂದು ಸಾಲು, ಮೇಲೆತ್ತಿ ಇನ್ನೊಂದು ಸಾಲು ತೆಗೆದು, ಉಚಿತವಾಗಿ ಸಿಗುವ ಹ್ಯೂಗಿನ್ ತಂತ್ರಾಂಶದಲ್ಲಿ ಬಾಗಿಲಿನ ನಿಲುವುಗಳನ್ನು ಲಂಬ ಗೆರೆಗಳೆಂದು ಗುರುತಿಸಿದರೆ ಕಟ್ಟಡ ಎದ್ದು ನಿಲ್ಲುತ್ತದೆ. ಅಂಚಿನಲ್ಲಿ ಕತ್ತರಿಸಲು ಧಾರಾಳವಾಗಿ ಜಾಗ ಬಿಟ್ಟಿರಬೇಕು. ಕಳಸ ಕತ್ತರಿಗೆ ಸಿಕ್ಕರೆ ಮತ್ತೆ ಕೋಲಾರಕ್ಕೇ ಬರಬೇಕಾಗುತ್ತದೆ. ನೋಟ 120 ಡಿಗ್ರಿ ಮೀರಿದರೆ ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ವಿಧಾನದಲ್ಲಿ ಅಂಚುಗಳು ವಿಪರೀತ ಹಿಗ್ಗುತ್ತವೆ. ಆಗ ನೋಟವನ್ನು ಉರುಳೆಯ ಮೈಮೇಲೆ ಹರಡಿದಂತೆ ಜೋಡಿಸುವ ಸಿಲಿಂಡ್ರಿಕಲ್ ವಿಧಾನವೇ ಗತಿ, ಆದರೆ ಪ್ರಾಕಾರದ ಗೋಡೆ ಬಿಲ್ಲಿನಂತೆ ಬಾಗುತ್ತದೆ. ನನಗೆ ಆ ಬಾಗು ಹಿಡಿಸುವುದಿಲ್ಲ. ನೋಟವನ್ನೇ ಕಿರಿದು ಮಾಡುವುದು ಮೇಲು.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಕೋಲಾರಮ್ಮನ ಗುಡಿಗೆ ಸಾಕಷ್ಟು ಸಮಯ ಇಟ್ಟುಕೊಳ್ಳಿ. ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತಬಾರದು. ಉಳಿದೆಡೆಗೂ ಅರ್ಚಕರನ್ನು ಕೇಳಿಯೇ ಮುಂದುವರಿಯಿರಿ. ಇಲ್ಲಿ ಚೋಳರ ಕಾಲದ ತಮಿಳು ಶಾಸನಗಳಿರುವ ಗೋಡೆಯನ್ನು ತೆಗೆಯುವಾಗ ಒಂದೇ ಕಡೆ ನಿಂತು ತಿರುಗುವ ನಿಯಮವನ್ನು ಬಿಟ್ಟುಬಿಡಬಹುದು. ಗೋಡೆ ಸಮತಟ್ಟಾಗಿರುವ ಕಡೆ ಹಿಂದೆ ಮುಂದೆ ಎಂಬುದೇ ಇರದ ಕಾರಣ, ಗೋಡೆಗೆ ನೇರವಾಗಿ ನಿಂತು ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ತೆಗೆದ ಚಿತ್ರಗಳು ಚೆನ್ನಾಗಿ ಕೂಡುತ್ತವೆ, ಅಕ್ಷರಗಳೂ ಓದುವಂತೆ ಉಳಿಯುತ್ತವೆ. ದೂರ ಮಾತ್ರ ಬದಲಾಗಬಾರದು. ಅದಕ್ಕಾಗಿ ನಾನು ತೂಕದ ಗುಂಡಿನ ಅದೇ ದಾರಕ್ಕೆ ಒಂದು ಗಂಟು ಹಾಕಿ, ಪ್ರತಿ ಹೆಜ್ಜೆಗೂ ಗೋಡೆಯ ಬುಡದಿಂದ ಅಳೆದುಕೊಂಡೆ.