ಅಡಿಕೆ ಸುಲಿಯೋವಾಗ ಸಿಕ್ಕಿದ ದನಿ

ಮೂರು ವಾರದಿಂದ ಫೋನಿನ ಹಾಡಿನ ಆ್ಯಪಲ್ಲಿ ನನ್ನದೇ ಒಂದು ಸ್ಟೇಷನ್ (ನಮ್ಗಿಷ್ಟದ ಗಾಯಕರ ಹೆಸರು ಹಾಕಿದ್ರೆ ಅಂಥದ್ದೇ ಹಾಡು ಹುಡುಕಿ ಕೊಡೋದು) ಹದ ಮಾಡ್ತಾ ಇದೀನಿ. ಮೊದ್ಲು ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವ್ರೊಬ್ರನ್ನೇ ಹಾಕಿ ಶುರು ಮಾಡಿದ್ದೆ, ಸುತ್ತಿ ಬಳಸಿ ಅದೇ ನಾಲ್ಕೈದು ದೊಡ್ಡ ಹೆಸರು, ಮಧ್ಯೆ ಮಗಳು ಕೇಳೋ ಮಕ್ಕಳ ಹಾಡು ಬೇರೆ. ಅವ್ಳಿಗೆ ಬೇರೆ ಪ್ರೊಫೈಲ್ ಮಾಡ್ಕೊಟ್ಟೆ. ಆಮೇಲೆ ನಮ್ಮ ಯಲ್ಲಾಪುರ ಕಡೆಯ ಹಾಸಣಗಿ ಗಣಪತಿ ಭಟ್ರನ್ನ (ರಾಜಗುರು ಅವರ ಶಿಷ್ಯರೇ), ಜೊತೆಗೆ ಸಾರಂಗಿ ನುಡಿಸೋರೊಬ್ಬರನ್ನ ಸೇರಿಸಿದ್ಮೇಲೆ ದಾರಿ ತೆರ್ಕೊಳ್ತು.

ಒಂದ್ ಮಾತು, ಕೇಳಿದ್ದಕ್ಕೆಲ್ಲಾ ಲೈಕ್ ಒತ್ತಬೇಡಿ. ಇನ್ನೊಂದ್ಸಲ ಕೇಳ್ಬೇಕು ಅನ್ನಿಸಿದ್ರೆ ಮಾತ್ರ ಒತ್ತಿ. ರೆಕಾರ್ಡಿಂಗ್ ಚೆನ್ನಾಗಿಲ್ಲ ಅಂತ ಡಿಸ್‌ಲೈಕ್ ಕೊಟ್ರೆ ಆ ಥರದ ಗಾಯಕರೇ ದೂರ ಆಗ್ಬಹುದು, ಅಂಥದ್ದಕ್ಕೆ ಸ್ಕಿಪ್ ಸಾಕು. ಅಮೆರಿಕದ ಪಂಡೋರಾ ಅನ್ನೋ ಹಾಡಿನ ಆ್ಯಪಿನವ್ರ ಮ್ಯೂಸಿಕ್ ಜೀನೋಮ್ ಪ್ರಾಜೆಕ್ಟ್ 2000ದಲ್ಲಿ ಶುರುವಾಗಿದ್ದು, ಅಲ್ಲಿ ಸಂಗೀತ ಬಲ್ಲ ಮನುಷ್ಯರೇ ಕೂತು ಒಂದೊಂದು ಹಾಡನ್ನೂ ಕೇಳಿ ಲಯ, ದನಿ, ವಾದ್ಯ ಅಂತ ನೂರಾರು ಗುಣ ಗುರುತು ಹಾಕ್ತಿದ್ರು, ಅದನ್ನ ಓದಿದಾಗಿಂದ ನಾನೂ ಹಾಗೇ ಕೇಳೋಕೆ ಕಲ್ತಿದೀನಿ, ಇಷ್ಟ ಆಗಿದ್ದು ಆಲಾಪವಾ, ತಬಲಾನಾ ಅಂತ.

ನಿನ್ನೆ ರಾತ್ರಿ ಶಿರಸಿ ಮನೇಲಿ ಎಲ್ರೂ ಅಡಿಕೆ ಸುಲೀತಾ ಕೂತಿದ್ವಿ. ಸ್ಟೇಷನ್‌ನಲ್ಲಿ ಹೆಸರೇ ಕೇಳಿರದ ಒಬ್ಬ ಹುಡುಗಿ ದನಿ, ಬಾಗೇಶ್ರೀ ರಾಗ. ದೊಡ್ಡಮ್ಮನ ಕೈ ಮೆಟ್ಟುಗತ್ತಿ ಮೇಲೆ ಹಾಗೇ ನಿಂತ್ಬಿಡ್ತು. "ತಮಾ, ಯಾರೋ ಇದು? ಇನ್ನೊಂದ್ಸಲ ಹಾಕು" ಅಂದ್ರು.