ತಲೆಬರಹದ ಹಣೆಬರಹ: ಆರು ವಾರಗಳ ದಿನಚರಿ

ಮೊದಲ ವಾರ

ಅಟ್ಟದ ಟ್ರಂಕನ್ನು ಇಳಿಸಿ ಒರೆಸುವಾಗ ತಳಕ್ಕೆ ಹಾಸಿದ್ದ ಪತ್ರಿಕೆಯ ಹಾಳೆಯೊಂದು ಸಿಕ್ಕಿತು. 1979ರ ಜುಲೈ ತಿಂಗಳದ್ದು. ದಪ್ಪ ಅಕ್ಷರದಲ್ಲಿ ‘ಸ್ಕೈಲ್ಯಾಬ್ ಇಂದು ಬೀಳ’ ಎಂದಿದೆ. ಮುಂದಿನದನ್ನು ಹುಳು ತಿಂದಿದೆ. ಬೀಳಲಿದೆಯೋ, ಬೀಳಬಹುದೋ, ಬೀಳಲಾರದೋ, ಆ ಹುಳುವಿಗೇ ಗೊತ್ತು. ಸ್ಕೈಲ್ಯಾಬ್ ಎಂದರೆ ಅಮೆರಿಕದ ನಾಸಾ ಹಾರಿಸಿದ್ದ ಬಾಹ್ಯಾಕಾಶ ನಿಲ್ದಾಣ. ಅದು ತಲೆಯ ಮೇಲೇ ಬೀಳುತ್ತದೆಂದು ಜನ ಹೆದರಿದ್ದರು.

ಅಂದು ನಮ್ಮಜ್ಜಿ, ನಾಳೆ ಇರುತ್ತೇವೋ ಇಲ್ಲವೋ, ಬೆಲ್ಲ ಉಳಿಸಿ ಯಾರಿಗೆ ಕೊಡಲಿ ಎಂದು ಡಬ್ಬದ ತಳ ಕೆರೆದು ಹೋಳಿಗೆ ಮಾಡಿದರಂತೆ. ಮರುದಿನ ಮನೆಮಂದಿಯೆಲ್ಲ ಇದ್ದರು, ಬೆಲ್ಲ ಮಾತ್ರ ಇರಲಿಲ್ಲ. ಕಾಫಿಗೆ ಏನು ಹಾಕಿದರೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ನೂರು ಪುಟದ ನೋಟುಪುಸ್ತಕ ತಂದದ್ದು ಅದಕ್ಕೇ. ಎಡಪುಟದಲ್ಲಿ ನಿಜವಾಗಿ ಅಚ್ಚಾದ ಹಳೆಯ ತಲೆಬರಹ. ಬಲಪುಟದಲ್ಲಿ, ಅದು ಅಕ್ಷರಶಃ ನಿಜವಾಗಿದ್ದರೆ ಮರುದಿನದ ಪಾಡೇನು ಎಂಬ ನನ್ನ ಬರವಣಿಗೆ. ತಲೆಬರಹವನ್ನು ಹುಟ್ಟಿಸಿ ಬರೆಯುವಂತಿಲ್ಲ, ಇದೊಂದೇ ನಿಯಮ.

ಎರಡನೆಯ ವಾರ

ಸೋಲು. 1948ರ ನವೆಂಬರ್ 3ರ ‘ಶಿಕಾಗೊ ಡೈಲಿ ಟ್ರಿಬ್ಯೂನ್’ ಹಿಡಿದುಕೊಂಡೆ. ಅಮೆರಿಕದ ಅಧ್ಯಕ್ಷ ಚುನಾವಣೆಯ ಮತ ಎಣಿಕೆ ಮುಗಿಯುವ ಮುನ್ನವೇ ‘ಟ್ರೂಮನ್‌ಗೆ ಸೋಲು, ಡ್ಯೂಯಿಗೆ ಗೆಲುವು’ ಎಂದು ಅಚ್ಚು ಹಾಕಿದ ಪತ್ರಿಕೆ ಅದು. ಡ್ಯೂಯಿ ನಿಜಕ್ಕೂ ಗೆದ್ದಿದ್ದರೆ ಶೀತಲ ಸಮರ ಏನಾಗುತ್ತಿತ್ತು ಎಂದು ನಾಲ್ಕು ಪುಟ ಬರೆದೆ. ಓದಿದರೆ ಪರೀಕ್ಷೆಯ ಪ್ರಬಂಧ! ಹರಿದು ಹಾಕಿದೆ. ಉಳಿದದ್ದು ಇಷ್ಟು: ಸೇಂಟ್ ಲೂಯಿಸ್ ರೈಲು ನಿಲ್ದಾಣದಲ್ಲಿ ಟ್ರೂಮನ್ ಆ ಪತ್ರಿಕೆಯನ್ನು ಎತ್ತಿ ಹಿಡಿದು ನಗುವ ಚಿತ್ರ ಜಗತ್ತಿಗೇ ಗೊತ್ತು. ಸುದ್ದಿ ಸರಿಯಿದ್ದಿದ್ದರೆ ಆ ಚಿತ್ರವೇ ಇರುತ್ತಿರಲಿಲ್ಲ, ಪತ್ರಿಕೆ ಮೂರನೆಯ ದಿನ ಬೋಂಡಾ ಕಟ್ಟಲು ಹೋಗುತ್ತಿತ್ತು. ನನ್ನ ಕೈಗೆ ಯುದ್ಧ, ಸಾಮ್ರಾಜ್ಯ ಹಿಡಿಸುವುದಿಲ್ಲ. ಸುದ್ದಿ ಗುಮಾಸ್ತರ ಮೇಜಿಗೆ ಇಳಿದರಷ್ಟೇ ನನಗೆ ನಗು ಬರುತ್ತದೆ.

ಮೂರು ಮತ್ತು ನಾಲ್ಕನೆಯ ವಾರ

ಸಿಕ್ಕಿತು! 1911ರ ಆಗಸ್ಟ್ 27ರ ‘ನ್ಯೂಯಾರ್ಕ್ ಟೈಮ್ಸ್’: ಮಂಗಳವಾಸಿಗಳು ಎರಡೇ ವರ್ಷದಲ್ಲಿ ಎರಡು ಭಾರೀ ಕಾಲುವೆ ತೋಡಿದ್ದಾರೆ. ಅರಿಜೋನಾದಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟು ಕುಳಿತಿದ್ದ ಪರ್ಸಿವಲ್ ಲೊವೆಲ್ ಮಹಾಶಯರ ಮಾತು ನಂಬಿ ಬರೆದದ್ದು. 1965ರಲ್ಲಿ ಅಮೆರಿಕದ ಮ್ಯಾರಿನರ್ 4 ನೌಕೆ ಹತ್ತಿರ ಹೋಗಿ ಚಿತ್ರ ತೆಗೆದಾಗ ಅಲ್ಲಿ ಕಂಡದ್ದು ಕುಳಿಗಳು, ಕಾಲುವೆಯಲ್ಲ. ನನಗೆ ಮೈ ಜುಮ್ಮೆಂದದ್ದು ಇಸವಿ ನೋಡಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೂ 1911ರಲ್ಲೇ. ಮುಗಿಯಲು ಎರಡು ದಶಕ ಹಿಡಿಯಿತು.

ಅಂದಮೇಲೆ ಕಾಲುವೆಯ ಟೆಂಡರು ಮಂಗಳಕ್ಕೆ ಹೋಗಲೇಬೇಕು. ಬಲಪುಟದಲ್ಲಿ ಆಕ್ಷೇಪಣೆಗಳು ಸಾಲುಗಟ್ಟಿದವು. ಗುತ್ತಿಗೆದಾರರ ಅನುಭವ ಪ್ರಮಾಣಪತ್ರ ಬೇರೆ ಗ್ರಹದ್ದು, ಮಾನ್ಯವಿಲ್ಲ. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆ ಎಂದರೇನೆಂದು ಕೇಳಿದ್ದರಿಂದ ತಾಂತ್ರಿಕ ಅಂಕ ಸೊನ್ನೆ. ಮಂಗಳವಾರ ಊರಹಬ್ಬದ ರಜೆ ಬೇಕೆನ್ನುತ್ತಾರೆ. ಲೆಕ್ಕಪತ್ರ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದ ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಲೇ ಇದನ್ನೆಲ್ಲ ಕೇಳಿಸಿಕೊಂಡು, “ರೀ, ಎರಡು ವರ್ಷ ಅಂದರೆ ಯಾರ ವರ್ಷ?” ಎಂದಳು.

ಕುಳಿತಲ್ಲೇ ಬೆಚ್ಚಿದೆ. ಮಂಗಳನ ಒಂದು ವರ್ಷಕ್ಕೆ ನಮ್ಮ 687 ದಿನ. ಅವರ ಎರಡು ವರ್ಷವೆಂದರೆ ನಮಗೆ 1374 ದಿನ. ವಿಳಂಬದ ದಂಡ ಯಾವ ಪಂಚಾಂಗದ ಪ್ರಕಾರ? ಈ ಒಂದು ವ್ಯಾಜ್ಯ ಆರು ಪುಟ ತಿಂದಿತು, ಇನ್ನೂ ತೀರ್ಪು ಬಂದಿಲ್ಲ.

ನನಗೆ ಪ್ರಿಯವಾದದ್ದು ಮಾತ್ರ ಪಕ್ಕದ ದಾರಿಯಲ್ಲಿ ಹುಟ್ಟಿದ ಕತೆ. ಕುಜನ ಕಡೆಯವರೇ ಮಂಡ್ಯದಲ್ಲಿ ಬಿಡಾರ ಹೂಡಿದ ಮೇಲೆ ಜೋಯಿಸರ ಗತಿ? ಹುಡುಗಿಯ ತಂದೆ ಜಾತಕ ಚಾಚಿ, “ಕುಜ ಈಗ ಎಷ್ಟನೆಯ ಮನೆಯಲ್ಲಿದ್ದಾನೆ ಸ್ವಾಮಿ?” ಎನ್ನುತ್ತಾರೆ. ಜೋಯಿಸರು ಕನ್ನಡಕ ಒರೆಸಿಕೊಂಡು, “ಪ್ರವಾಸಿ ಬಂಗಲೆಯಲ್ಲಿ, ಎರಡನೆಯ ಕೋಣೆ. ಬಿಲ್ಲು ಕಟ್ಟದೆ ಬಿಡುವ ಹಾಗಿಲ್ಲವಂತೆ” ಎನ್ನುತ್ತಾರೆ. ಮದುವೆ ಮುಂದಕ್ಕೆ ಹೋಗುತ್ತದೆ.

ಐದನೆಯ ವಾರ

ನೆಗಡಿ, ಜ್ವರ. ಒಂದೇ ನಮೂದು. ಹಾರದ ಹಾರುವ ಯಂತ್ರಗಳ ಬಗ್ಗೆ 1903ರ ಅಕ್ಟೋಬರ್ 9ರಂದು ಅದೇ ‘ನ್ಯೂಯಾರ್ಕ್ ಟೈಮ್ಸ್’ ಬರೆದ ಸಂಪಾದಕೀಯ: ನಿಜಕ್ಕೂ ಹಾರುವ ಯಂತ್ರಕ್ಕೆ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು. ರೈಟ್ ಸಹೋದರರು ಅರವತ್ತೊಂಬತ್ತೇ ದಿನದಲ್ಲಿ ಹಾರಿಬಿಟ್ಟರು. ಬಲಪುಟ: ಪತ್ರಿಕೆಯ ಮಾತು ನಿಲ್ಲಬೇಕಿತ್ತು, ವಿಮಾನ ನಿಲ್ದಾಣದ ಭೂಸ್ವಾಧೀನದ ಮೊಕದ್ದಮೆಗಳಾದರೂ ಅಷ್ಟರಲ್ಲಿ ಮುಗಿಯುತ್ತಿದ್ದವು.

ಆರನೆಯ ವಾರ

ಟ್ರಂಕಿನ ಹಾಳೆಗೆ ಮರಳಿದೆ. ಸ್ಕೈಲ್ಯಾಬ್ ನಮ್ಮ ಬೀದಿಯಲ್ಲೇ ಬಿದ್ದಿದ್ದರೆ? ಹಸಿಕಸ, ಒಣಕಸ ಬೇರ್ಪಡಿಸದೆ ಎಪ್ಪತ್ತೇಳು ಟನ್ ಕಸ ಎಸೆದದ್ದಕ್ಕೆ ನಾಸಾಗೆ ಪುರಸಭೆಯ ದಂಡದ ನೋಟಿಸು! ಬರೆದು ಬೀಗಿದೆ. ಆಮೇಲೆ ನಿಜಕ್ಕೂ ಎಲ್ಲಿ ಬಿತ್ತೆಂದು ಓದಲು ಕುಳಿತೆ. ಚೂರುಗಳು ಬಿದ್ದದ್ದು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಸುತ್ತಮುತ್ತ. ಅಲ್ಲಿಯ ಸ್ಥಳೀಯ ಆಡಳಿತ ಕಸ ಹಾಕಿದ ತಪ್ಪಿಗೆ ನಾಸಾಗೆ 400 ಡಾಲರ್ ದಂಡ ಹಾಕಿತ್ತು. ನಾಸಾ ಕಟ್ಟಲಿಲ್ಲ. ಮೂವತ್ತು ವರ್ಷದ ಮೇಲೆ, 2009ರಲ್ಲಿ, ಅಮೆರಿಕದ ರೇಡಿಯೊ ನಿರೂಪಕರೊಬ್ಬರು ಕೇಳುಗರಿಂದ ಹಣ ಕೂಡಿಸಿ ತೀರಿಸಿದರು.

ನನ್ನ ಹಾಸ್ಯವೆಲ್ಲ ಹಳೆಯ ಕಡತದ ನಕಲಾಯಿತು. ಎರಡು ದಿನ ನೋಟುಪುಸ್ತಕ ಮುಟ್ಟಲಿಲ್ಲ. ನಿನ್ನೆ ಬಲಪುಟವನ್ನು ಪೂರ್ತಿ ಹೊಡೆದುಹಾಕಿ, ಕೆಳಗೆ ಹೊಸ ಬಾಬ್ತು ತೆರೆದೆ: ನಾಸಾದಿಂದ ಬರಬೇಕಾದದ್ದು, ಅಜ್ಜಿಯ ಬೆಲ್ಲ, ಡಬ್ಬ ಒಂದು. 1979ರ ಅಚ್ಚುಬೆಲ್ಲದ ಧಾರಣೆ ಹುಡುಕಬೇಕು. ಬಡ್ಡಿ ಸರಳವೋ ಚಕ್ರಬಡ್ಡಿಯೋ ಹೆಂಡತಿಯನ್ನು ಕೇಳಿದ್ದೇನೆ. ಮೊದಲು ಅಂಗಡಿಯ ರಸೀದಿ ತೋರಿಸಿ ಎಂದಿದ್ದಾಳೆ. ನಾಳೆ ಟ್ರಂಕನ್ನು ಮತ್ತೆ ಇಳಿಸಬೇಕು.